ಬೆಲೆ ಕೇಳಿದ ನಾಟಕ: ಆಫ್ರಾ ಬೆನ್ ಬರೆದ ‘ದಿ ರೋವರ್’

ವಿಡಿಯೋ ಪೂರ್ತಿ ನೋಡೋಕೆ ಪುರುಸೊತ್ತಿಲ್ಲ, ಲೋಕಲ್‌ನಲ್ಲೋ ಮೆಟ್ರೋದಲ್ಲೋ ನಿಂತುಕೊಂಡೇ ಓದಿಬಿಡ್ತೀವಿ ಅನ್ನೋರಿಗಾಗಿ, ಎಂದಿನಂತೆ ಈ ಸಂಚಿಕೆಯ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇವೆ.

ಇವತ್ತಿನ ವಿಷಯ ಒಂದು ಹಾಸ್ಯ ನಾಟಕ. 1677ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ರಂಗಕ್ಕೆ ಬಂತು. ಹೆಸರು ‘ದಿ ರೋವರ್’. ರೋವರ್ ಅಂದ್ರೆ ಅಲೆಮಾರಿ, ಒಂದು ಕಡೆ ನಿಲ್ಲದವನು. ಕಡಲುಗಳ್ಳ ಅನ್ನೋ ಅರ್ಥವೂ ಆ ಕಾಲದಲ್ಲಿ ಆ ಪದಕ್ಕಿತ್ತು. ಬರೆದವಳು ಆಫ್ರಾ ಬೆನ್ ಎಂಬ ಹೆಂಗಸು.

ನಾಟಕದ ಎರಡನೇ ಅಂಕದಲ್ಲಿ ಒಂದು ಪ್ರಶ್ನೆ ಬರುತ್ತೆ. ಒಬ್ಬ ಗಂಡಸು ಒಬ್ಬ ವೇಶ್ಯೆಗೆ ಉಪದೇಶ ಮಾಡ್ತಾ ಇದ್ದಾನೆ. ಪ್ರೀತಿಯನ್ನ ದುಡ್ಡಿಗೆ ಮಾರೋದು ಎಂಥ ನೀಚತನ ಅಂತ ಅವಳನ್ನ ಹೀಯಾಳಿಸ್ತಾನೆ. ಅವಳು ಸುಮ್ಮನೆ ಕೇಳಿಸಿಕೊಂಡು, ತಿರುಗಿ ಅವನನ್ನೇ ಕೇಳ್ತಾಳೆ. ಹೌದಪ್ಪಾ, ನೀವು ಗಂಡಸರೂ ಇದೇ ತಪ್ಪು ಮಾಡ್ತೀರಲ್ಲ? ಮದುವೆಗೆ ಹೆಣ್ಣು ನೋಡುವಾಗ ನೀವು ವಿಚಾರಿಸೋದು ಅವಳ ಗುಣವನ್ನೋ, ಅವಳು ತರೋ ಆಸ್ತಿಯನ್ನೋ? ಅವನ ಹತ್ತಿರ ಉತ್ತರ ಇಲ್ಲ. ಅದೂ ಕೆಟ್ಟ ಪದ್ಧತಿಯೇ ಅಂತ ಒಪ್ಪಿಕೊಳ್ಳಬೇಕಾಗುತ್ತೆ.

ಮೇಲ್ನೋಟಕ್ಕೆ ಈ ನಾಟಕ ಮುಖವಾಡ, ಕತ್ತಿವರಸೆ, ಪ್ರೇಮ ಪ್ರಸಂಗಗಳ ಗಲಾಟೆ. ಆದರೆ ಒಳಗೆ ಇರೋದು ಒಂದು ಲೆಕ್ಕದ ಪುಸ್ತಕ. ಯಾವ ಹೆಣ್ಣಿಗೆ ಎಷ್ಟು ಬೆಲೆ, ಆ ಬೆಲೆ ಕಟ್ಟೋರು ಯಾರು, ದುಡ್ಡು ಯಾರ ಕೈ ಸೇರುತ್ತೆ ಅನ್ನೋ ಲೆಕ್ಕ. ಆ ಪುಸ್ತಕದಲ್ಲಿ ಬರೆದವಳ ಹೆಸರಿಗೂ ಒಂದು ಪುಟ ಇದೆ. ಅದನ್ನ ಒಂದೊಂದಾಗಿ ನೋಡೋಣ.

ಬೀಗ ತೆಗೆದ ರಂಗಮಂದಿರ

ಮೊದಲು ಸ್ವಲ್ಪ ಹಿನ್ನೆಲೆ. 1642ರಲ್ಲಿ ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾಯ್ತು. ಪಾರ್ಲಿಮೆಂಟು ನಾಟಕಶಾಲೆಗಳನ್ನ ಮುಚ್ಚಿಸಿತು. 1649ರಲ್ಲಿ ರಾಜ ಒಂದನೇ ಚಾರ್ಲ್ಸ್‌ನ ತಲೆ ಕಡಿದರು. ಅವನ ಮಗ ಯೂರೋಪಿನಲ್ಲಿ ಊರೂರು ಅಲೆದ. ಅವನ ಜೊತೆ ರಾಜಪಕ್ಷದ ಎಷ್ಟೋ ಜನ ಮನೆ ಮಠ ಕಳೆದುಕೊಂಡು ಅಲೆದರು. 1660ರಲ್ಲಿ ಗಾಳಿ ತಿರುಗಿತು. ಮಗ ಎರಡನೇ ಚಾರ್ಲ್ಸ್ ಆಗಿ ವಾಪಸ್ ಬಂದು ಪಟ್ಟಕ್ಕೆ ಕೂತ. ಇತಿಹಾಸದಲ್ಲಿ ಈ ಕಾಲಕ್ಕೇ ರೆಸ್ಟೊರೇಷನ್ ಅನ್ನೋದು, ಅಂದ್ರೆ ರಾಜಪ್ರಭುತ್ವದ ಮರುಸ್ಥಾಪನೆ.

ರಾಜನಿಗೆ ನಾಟಕದ ಹುಚ್ಚು. ಬಂದ ವರ್ಷವೇ ಇಬ್ಬರಿಗೆ ಮಾತ್ರ ನಾಟಕ ಕಂಪನಿ ನಡೆಸೋ ಹಕ್ಕು ಕೊಟ್ಟ. ಥಾಮಸ್ ಕಿಲ್ಲಿಗ್ರೂ ಕಟ್ಟಿದ್ದು ಕಿಂಗ್ಸ್ ಕಂಪನಿ. ವಿಲಿಯಂ ಡ್ಯಾವೆನಂಟ್ ಕಟ್ಟಿದ್ದು ಡ್ಯೂಕ್ಸ್ ಕಂಪನಿ. ಲಂಡನ್ನಿನ ರಂಗಭೂಮಿ ಅಂದ್ರೆ ಈ ಎರಡೇ. ಕಿಲ್ಲಿಗ್ರೂ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಎರಡು ಸಲ ಬರ್ತಾನೆ.

ಆ ಹೊತ್ತಿಗೆ ಇನ್ನೊಂದು ದೊಡ್ಡ ಬದಲಾವಣೆ ಆಯ್ತು. ಅಲ್ಲೀವರೆಗೆ ಇಂಗ್ಲೆಂಡಿನ ವೃತ್ತಿ ರಂಗಭೂಮಿಯಲ್ಲಿ ಹೆಣ್ಣಿನ ಪಾತ್ರಗಳನ್ನ ಹುಡುಗರೇ ಮಾಡ್ತಿದ್ದರು. ನಮ್ಮ ಯಕ್ಷಗಾನದ ಸ್ತ್ರೀವೇಷ ನೋಡಿದವರಿಗೆ ಇದು ವಿಚಿತ್ರ ಅನ್ನಿಸಲ್ಲ. 1660ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಒಬ್ಬ ವೃತ್ತಿ ನಟಿ ಡೆಸ್ಡಿಮೋನಾ ಆಗಿ ರಂಗಕ್ಕೆ ಬಂದಳು. 1662ರಲ್ಲಿ, ಹೆಣ್ಣಿನ ಪಾತ್ರವನ್ನ ಹೆಂಗಸರೇ ಮಾಡಬೇಕು ಅಂತ ರಾಜನ ಸನ್ನದಿನಲ್ಲೇ ಬರೆದರು.

ನಾಟಕ ನಡೀತಿದ್ದದ್ದು ಮಧ್ಯಾಹ್ನದ ಹೊತ್ತು. ಬಾಕ್ಸ್‌ಗೆ 4 ಶಿಲ್ಲಿಂಗ್, ಪಿಟ್ ಅನ್ನೋ ಮುಂದಿನ ಬೆಂಚುಗಳಿಗೆ ಎರಡೂವರೆ ಶಿಲ್ಲಿಂಗ್, ಮೇಲಿನ ಗ್ಯಾಲರಿಗೆ 1 ಶಿಲ್ಲಿಂಗ್. ಮೇಣದ ಬತ್ತಿಯ ಬೆಳಕು, ಮಧ್ಯೆ ಕಿತ್ತಳೆ ಹಣ್ಣು ಮಾರುವ ಹೆಂಗಸರ ಕೂಗು. ಪ್ರೇಕ್ಷಕರ ನಡುವೆ ಮುಖಕ್ಕೆ ಕಪ್ಪು ಮುಖವಾಡ ಹಾಕಿಕೊಂಡ ಹೆಂಗಸರೂ ಇರ್ತಿದ್ದರು. ಮುಖವಾಡದ ಹಿಂದೆ ಇರೋದು ದೊಡ್ಡ ಮನೆತನದ ಹೆಂಗಸೋ, ಗಿರಾಕಿ ಹುಡುಕಿಕೊಂಡು ಬಂದ ವೇಶ್ಯೆಯೋ, ಗೊತ್ತಾಗ್ತಿರಲಿಲ್ಲ. ಗಂಡಸರಿಗೆ ಅದೇ ಒಂದು ಆಟ. ಈ ಆಟವನ್ನೇ ಆಫ್ರಾ ಬೆನ್ ಎತ್ತಿಕೊಂಡು ರಂಗದ ಮೇಲೆ ಇಟ್ಟಳು.

ಬೇಹುಗಾರಿಕೆಯಿಂದ ನಾಟಕಕ್ಕೆ

ಯಾರು ಈ ಆಫ್ರಾ ಬೆನ್? 1666ರಲ್ಲಿ ಇಂಗ್ಲೆಂಡಿಗೂ ಡಚ್ಚರಿಗೂ ಯುದ್ಧ ನಡೀತಿತ್ತು. ಆಗ ಸರ್ಕಾರ ಈಕೆಯನ್ನ ಗೂಢಚಾರಳಾಗಿ ಆಂಟ್‌ವರ್ಪ್ ಊರಿಗೆ ಕಳಿಸಿತು. ಸಂಕೇತದ ಹೆಸರು ಆಸ್ಟ್ರಿಯಾ. ಅಲ್ಲಿ ತಲೆಮರೆಸಿಕೊಂಡಿದ್ದ ವಿಲಿಯಂ ಸ್ಕಾಟ್ ಎಂಬುವನನ್ನ ಒಲಿಸಿ ಸುದ್ದಿ ತೆಗೆಯೋದು ಕೆಲಸ. ಸುದ್ದಿ ಕಳಿಸಿದಳು, ಸರ್ಕಾರ ದುಡ್ಡು ಕಳಿಸಲಿಲ್ಲ. ಕಾಗದದ ಮೇಲೆ ಕಾಗದ ಬರೆದಳು. ಊಟ ವಸತಿಯ ಖರ್ಚು ಏರ್ತಾ ಇದೆ, ಉಂಗುರ ಅಡವಿಟ್ಟಾಯ್ತು ಅಂತ ಗೋಗರೆದಳು. ಆ ಕಾಗದಗಳಲ್ಲಿ ಕೆಲವು ಹೋಗಿದ್ದು ಯಾರಿಗೆ ಗೊತ್ತಾ? ಅರಮನೆಯಲ್ಲಿ ರಾಜನ ಹತ್ತಿರದವನಾಗಿದ್ದ ಅದೇ ಥಾಮಸ್ ಕಿಲ್ಲಿಗ್ರೂಗೆ.

ಕೊನೆಗೆ 150 ಪೌಂಡ್ ಸಾಲ ಮಾಡಿ ಲಂಡನ್ನಿಗೆ ವಾಪಸ್ ಬಂದಳು. ಸಾಲ ತೀರಿಸೋಕೆ ಆಗಲಿಲ್ಲ. ಸಾಲಗಾರರನ್ನ ಜೈಲಿಗೆ ಹಾಕುತ್ತಿದ್ದ ಕಾಲ ಅದು. ನಾಳೆ ನನ್ನನ್ನ ಜೈಲಿಗೆ ಒಯ್ತಾರೆ, ಕಾಪಾಡಿ ಅಂತ ರಾಜನಿಗೆ ಬರೆದ ಅರ್ಜಿಗಳು ಇವತ್ತಿಗೂ ಉಳಿದಿವೆ. ಕಂಪನಿ ಕೆಲಸಕ್ಕೆ ಹೊರದೇಶಕ್ಕೆ ಹೋಗಿ, ಖರ್ಚಿನ ಬಿಲ್ಲು ಪಾಸಾಗದೆ ಒದ್ದಾಡಿದವರಿಗೆ ಈ ಅರ್ಜಿಗಳ ದನಿ ಚೆನ್ನಾಗಿ ಅರ್ಥವಾಗುತ್ತೆ.

1670ರಲ್ಲಿ ಆಕೆಯ ಮೊದಲ ನಾಟಕ ಡ್ಯೂಕ್ಸ್ ಕಂಪನಿಯಲ್ಲಿ ಆಡಿತು. ಡ್ಯಾವೆನಂಟ್ ಅಷ್ಟೊತ್ತಿಗೆ ತೀರಿಕೊಂಡಿದ್ದ. ಕಂಪನಿಯ ಯಜಮಾನಿಕೆ ಅವನ ಹೆಂಡತಿಯ ಕೈಲಿತ್ತು. ಲಂಡನ್ ರಂಗಕ್ಕೆ ನಾಟಕ ಕೊಟ್ಟ ಮೊದಲ ಹೆಣ್ಣು ಬೆನ್ ಅಲ್ಲ, ಹಿಂದಿನ ವರ್ಷ ಫ್ರಾನ್ಸಿಸ್ ಬೂತ್‌ಬಿ ಎಂಬುವಳ ಒಂದು ನಾಟಕ ಬಂದಿತ್ತು. ಆದರೆ ವರ್ಷದ ಮೇಲೆ ವರ್ಷ ಬರೆದು, ಬರವಣಿಗೆಯನ್ನೇ ಹೊಟ್ಟೆಪಾಡಿನ ಕಸುಬು ಮಾಡಿಕೊಂಡವಳು ಈಕೆ. ದೊಡ್ಡ ಮನೆತನದ ಬೆಂಬಲ ಇಲ್ಲ, ಗಂಡನ ಆಸ್ತಿ ಇಲ್ಲ.

ಸಂಭಾವನೆ ಹೇಗೆ ಅಂತೀರಾ? ಅಲ್ಲೊಂದು ಪದ್ಧತಿ ಇತ್ತು. ನಾಟಕದ ಮೂರನೇ ದಿನದ ಗಲ್ಲಾಪೆಟ್ಟಿಗೆಯಲ್ಲಿ ಖರ್ಚು ಕಳೆದು ಉಳಿದದ್ದು ಬರೆದವರಿಗೆ. ಎರಡನೇ ದಿನಕ್ಕೇ ನಾಟಕ ಬಿದ್ದುಹೋದರೆ ಸೊನ್ನೆ. ಆರು ತಿಂಗಳು ಕೂತು ಬರೆದಿದ್ದರೂ ಸೊನ್ನೆಯೇ. ಹಾಗಾಗಿ ಪ್ರೇಕ್ಷಕರನ್ನ ನಗಿಸೋದು ಆಕೆಗೆ ಶೋಕಿ ಅಲ್ಲ, ಬಾಡಿಗೆ ಕಟ್ಟೋ ದಾರಿ. 1673ರಲ್ಲಿ ‘ದಿ ಡಚ್ ಲವರ್’ ಅನ್ನೋ ನಾಟಕ ಸೋತಿತು. ಹೆಂಗಸು ಬರೆದ ನಾಟಕ ಅಂತಲೇ ಮೂಗು ಮುರಿದವರ ಮೇಲೆ ಆಕೆ ಅದರ ಮುನ್ನುಡಿಯಲ್ಲಿ ಹರಿಹಾಯ್ದಿದ್ದಾಳೆ.

ನೇಪಲ್ಸ್‌ನಲ್ಲಿ ಕಾರ್ನಿವಲ್

ಈಗ ನಾಟಕಕ್ಕೆ ಬರೋಣ. ಊರು ಇಟಲಿಯ ನೇಪಲ್ಸ್. ಆಗ ಅದು ಸ್ಪೇನಿನ ಆಳ್ವಿಕೆಯಲ್ಲಿತ್ತು. ಕಾಲ, ರಾಜಪಕ್ಷದ ಇಂಗ್ಲಿಷರು ದೇಶಭ್ರಷ್ಟರಾಗಿ ಅಲೀತಿದ್ದ ಕಾಲ. ಊರಲ್ಲಿ ಕಾರ್ನಿವಲ್ ನಡೀತಿದೆ. ಎಲ್ಲರ ಮುಖಕ್ಕೂ ಮುಖವಾಡ.

ತೆರೆ ಎದ್ದಾಗ ರಂಗದ ಮೇಲೆ ಇರೋದು ಗಂಡಸರಲ್ಲ. ಇಬ್ಬರು ಅಕ್ಕತಂಗಿಯರು ಮಾತಾಡ್ತಿದ್ದಾರೆ. ಅಕ್ಕ ಫ್ಲೋರಿಂಡಾಗೆ ಬೆಲ್ವಿಲ್ ಎಂಬ ಇಂಗ್ಲಿಷ್ ಕರ್ನಲ್ ಮೇಲೆ ಮನಸ್ಸು. ಅಪ್ಪ ನೋಡಿರೋದು ಹಣವಂತ ಮುದುಕನನ್ನ. ಅಣ್ಣ ಡಾನ್ ಪೆದ್ರೋ ನೋಡಿರೋದು ವೈಸರಾಯ್ ಮಗ ಡಾನ್ ಆಂಟೋನಿಯೋನನ್ನ. ತಂಗಿ ಹೆಲೆನಾಳನ್ನ ಮನೆಯವರು ಸನ್ಯಾಸಿನಿಯರ ಮಠಕ್ಕೆ ಕಳಿಸೋಕೆ ನಿಶ್ಚಯ ಮಾಡಿಬಿಟ್ಟಿದ್ದಾರೆ. ಹೆಲೆನಾಗೆ ಅದು ಸುತರಾಂ ಒಪ್ಪಿಗೆ ಇಲ್ಲ. ನನಗೂ ವಯಸ್ಸಿದೆ, ರೂಪ ಇದೆ, ಬುದ್ಧಿ ಇದೆ, ಪ್ರೀತಿ ಅಂದ್ರೆ ಏನು ಅಂತ ನೋಡಿಯೇ ತೀರ್ತೀನಿ ಅಂತಾಳೆ. ಇಬ್ಬರೂ ಸೋದರಸಂಬಂಧಿ ವಲೇರಿಯಾಳನ್ನ ಕರಕೊಂಡು, ಜಿಪ್ಸಿ ವೇಷ ಹಾಕಿ, ಬೀದಿಗೆ ಇಳೀತಾರೆ.

ಬೀದಿಯಲ್ಲಿ ಸಿಗೋನೇ ನಮ್ಮ ರೋವರ್, ಕ್ಯಾಪ್ಟನ್ ವಿಲ್‌ಮೋರ್. ಹಡಗಿನಿಂದ ಈಗಷ್ಟೇ ಇಳಿದಿದ್ದಾನೆ. ಜೇಬು ಖಾಲಿ, ಬಾಯಿ ಜೋರು, ಕಣ್ಣು ಎಲ್ಲಾ ಹೆಂಗಸರ ಮೇಲೆ. ಹೆಲೆನಾ ಅವನಿಗೆ ಮಾತಿಗೆ ಮಾತು ಕೊಡ್ತಾಳೆ. ಮಾತಿನ ಪಂದ್ಯದಲ್ಲಿ ಗೆಲ್ಲೋದು ಬಹುತೇಕ ಅವಳೇ.

ಮೊದಲ ಪ್ರದರ್ಶನದಲ್ಲಿ ಹೆಲೆನಾ ಆಗಿದ್ದವಳು ಎಲಿಜಬೆತ್ ಬ್ಯಾರಿ, ಮುಂದೆ ಆ ಕಾಲದ ದೊಡ್ಡ ನಟಿ ಅನ್ನಿಸಿಕೊಂಡವಳು. ಬೆಲ್ವಿಲ್ ಆಗಿ ಆಗಿನ ಸ್ಟಾರ್ ನಟ ಥಾಮಸ್ ಬೆಟರ್ಟನ್, ಫ್ಲೋರಿಂಡಾ ಆಗಿ ಅವನ ಹೆಂಡತಿ ಮೇರಿ. ಹೆಲೆನಾ ಒಂದು ದೃಶ್ಯದಲ್ಲಿ ಹುಡುಗನ ವೇಷದಲ್ಲೂ ಬರ್ತಾಳೆ. ನಟಿಯ ಕಾಲು ಕಾಣುತ್ತೆ ಅಂತಲೇ ಗಂಡಸರು ಟಿಕೆಟ್ ತೆಗೆದುಕೊಳ್ತಿದ್ದ ಕಾಲ ಅದು. ಮೂರನೇ ದಿನದ ಗಲ್ಲಾಪೆಟ್ಟಿಗೆ ಆಕೆಗೆ ಚೆನ್ನಾಗಿ ಗೊತ್ತಿತ್ತು.

ಬಾಗಿಲಿಗೆ ನೇತುಹಾಕಿದ ಚಿತ್ರ

ಇದೇ ಬೀದಿಯಲ್ಲಿ ಆಂಜೆಲಿಕಾ ಬಿಯಾಂಕಾ ಎಂಬ ಹೆಸರಾಂತ ವೇಶ್ಯೆಯ ಮನೆ ಇದೆ. ಅವಳನ್ನ ಇಟ್ಟುಕೊಂಡಿದ್ದ ಸ್ಪೇನಿನ ಸೇನಾಪತಿ ಸತ್ತಿದ್ದಾನೆ. ಈಗ ಅವಳೇ ತನ್ನ ಚಿತ್ರವನ್ನ ಮನೆಯ ಹೊರಗೆ ನೇತುಹಾಕಿಸಿ ಬೆಲೆ ಸಾರಿದ್ದಾಳೆ: ತಿಂಗಳಿಗೆ 1000 ಕ್ರೌನ್. ಊರ ಶ್ರೀಮಂತರೆಲ್ಲ ಚಿತ್ರದ ಕೆಳಗೆ ನಿಂತು ಲೆಕ್ಕ ಹಾಕ್ತಿದ್ದಾರೆ. ತಂಗಿಗೆ ಗಂಡು ಗೊತ್ತು ಮಾಡಿರೋ ಪೆದ್ರೋನೂ ಅಲ್ಲೇ ಇದ್ದಾನೆ, ಆ ಗಂಡು ಆಂಟೋನಿಯೋನೂ ಅಲ್ಲೇ ಇದ್ದಾನೆ. ಭಾವನೂ ಭಾವಮೈದುನನೂ ಆಗಬೇಕಾದವರು ಒಬ್ಬ ವೇಶ್ಯೆಯ ಬಾಗಿಲಲ್ಲಿ ಜಗಳಕ್ಕೆ ನಿಲ್ತಾರೆ!

ವಿಲ್‌ಮೋರ್ ಹತ್ತಿರ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಅವನು ಚಿತ್ರವನ್ನೇ ಕಿತ್ತುಕೊಳ್ತಾನೆ. ದೊಡ್ಡ ಬಡಿದಾಟ. ಆಂಜೆಲಿಕಾ ಅವನನ್ನ ಒಳಗೆ ಕರೆಸ್ತಾಳೆ. ಅಲ್ಲಿ ಅವನು, ನನ್ನ ಹತ್ತಿರ ಇರೋದು ಒಂದು ಪಿಸ್ತೋಲ್ ನಾಣ್ಯ, ಚಿಲ್ಲರೆಯಾಗಿ ಅಷ್ಟಕ್ಕೆ ಎಷ್ಟು ಬರುತ್ತೋ ಅಷ್ಟು ಕೊಡಿ ಅಂತ ಅಂಗಡಿಯ ಗಿರಾಕಿ ಥರ ತಮಾಷೆ ಮಾಡ್ತಾನೆ. ತಮಾಷೆಯಿಂದ ಉಪದೇಶಕ್ಕೆ ಇಳೀತಾನೆ. ಆಗಲೇ ಆಂಜೆಲಿಕಾ, ನಾನು ಮೊದಲಲ್ಲೇ ಹೇಳಿದ ಆ ಪ್ರಶ್ನೆ ಕೇಳೋದು.

ಆ ದಿನದ ಪ್ರೇಕ್ಷಕರಲ್ಲಿ ರಾಜ ಎರಡನೇ ಚಾರ್ಲ್ಸ್ ಕೂಡ ಇದ್ದ. ಮುಂಬೈನಲ್ಲಿರೋ ಗೆಳೆಯರು ಇಲ್ಲಿ ಸ್ವಲ್ಪ ಕಿವಿಗೊಡಬೇಕು. ಈ ರಾಜ 1662ರಲ್ಲಿ ಪೋರ್ಚುಗಲ್‌ನ ರಾಜಕುಮಾರಿ ಕ್ಯಾಥರೀನ್‌ಳನ್ನ ಮದುವೆಯಾದ. ಹಿಂದಿನ ವರ್ಷವೇ ಒಪ್ಪಂದ ಆಗಿತ್ತು. ಬಳುವಳಿಯಾಗಿ ದೊಡ್ಡ ಮೊತ್ತದ ನಗದು, ಆಫ್ರಿಕಾದ ಟ್ಯಾಂಜಿಯರ್ ಬಂದರು, ಜೊತೆಗೆ ನಮ್ಮ ಬೊಂಬಾಯಿ. ಇವತ್ತು ಫೋರ್ಟ್, ಗಿರಗಾಂವ್ ಅನ್ನೋ ಜಾಗಗಳಿರುವ ದ್ವೀಪ ಇಂಗ್ಲಿಷರ ಪಾಲಿಗೆ ಬಂದಿದ್ದು ಯುದ್ಧದಿಂದ ಅಲ್ಲ, ವರದಕ್ಷಿಣೆಯಿಂದ. 1668ರಲ್ಲಿ ರಾಜ ಅದನ್ನ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿಕೊಟ್ಟ.

ಈಗ ಆ ದೃಶ್ಯವನ್ನ ಮತ್ತೆ ಕಲ್ಪಿಸಿಕೊಳ್ಳಿ. ರಂಗದ ಮೇಲೆ ವೇಶ್ಯೆಯ ಪಾತ್ರ, ಮದುವೆಯಾಗುವಾಗ ನೀವು ಗುಣ ಕೇಳ್ತೀರೋ ಆಸ್ತಿ ಕೇಳ್ತೀರೋ ಅಂತ ಕೇಳ್ತಿದೆ. ಎದುರಿಗೆ ಒಂದು ಬಂದರು, ಒಂದು ದ್ವೀಪ ಬಳುವಳಿ ತಗೊಂಡ ರಾಜ ಕೂತಿದ್ದಾನೆ. ಸುತ್ತ ಕೂತ ಶ್ರೀಮಂತರ ಮನೆಗಳಲ್ಲೂ ಕಥೆ ಅದೇ. ಜಮೀನು, ಒಡವೆ, ವಕೀಲರು ಬರೆದ ಕರಾರುಪತ್ರ. ಎಲ್ಲರೂ ನಕ್ಕಿರಬೇಕು. ಆದರೆ ಪ್ರಶ್ನೆ ತಮಾಷೆಯದ್ದಲ್ಲ. ಮ್ಯಾಟ್ರಿಮನಿ ಆ್ಯಪ್‌ನಲ್ಲಿ ವಾರ್ಷಿಕ ಪ್ಯಾಕೇಜ್ ಎಷ್ಟು ಅನ್ನೋ ಕಾಲಂ ತುಂಬಿದ ನಮಗೂ ಅದು ಅಷ್ಟು ದೂರದ್ದಲ್ಲ.

ಆಮೇಲೆ ಏನಾಗುತ್ತೆ? ಆಂಜೆಲಿಕಾ ತನ್ನ ನಿಯಮ ತಾನೇ ಮುರೀತಾಳೆ. ದುಡ್ಡು ಬೇಡ, ನನ್ನ ಪ್ರೀತಿಗೆ ನಿನ್ನ ಪ್ರೀತಿ ಕೊಡು ಸಾಕು ಅಂತಾಳೆ. ವಿಲ್‌ಮೋರ್ ಆಣೆ ಇಡ್ತಾನೆ. ಅವಳ ಮನೆಯಲ್ಲಿರೋ ಮೊರೆಟ್ಟಾ ತಲೆ ಚಚ್ಚಿಕೊಳ್ತಾಳೆ, ಇಂಥ ಕೈ ಬರಿದಾದ ಪೋಕರಿಗೆ ಮನಸ್ಸು ಕೊಡೋದೇ ನಮ್ಮ ಕಸುಬಿನವರ ಹಣೆಬರಹ ಅಂತ. ಮಾರನೇ ದೃಶ್ಯದಲ್ಲಿ ವಿಲ್‌ಮೋರ್ ಜೇಬಿನಲ್ಲಿ ಚಿನ್ನದ ನಾಣ್ಯ ಕುಣಿಸಿಕೊಂಡು ಗೆಳೆಯರ ಮುಂದೆ ಬರ್ತಾನೆ. ಕೊಟ್ಟವಳು ಆಂಜೆಲಿಕಾ. ಸ್ವಲ್ಪ ಹೊತ್ತಿಗೆ ಅವನು ಹೆಲೆನಾ ಹಿಂದೆ ಬೀಳ್ತಾನೆ. ಹೆಲೆನಾಗೆ ಅವಳ ಚಿಕ್ಕಪ್ಪ ಬಿಟ್ಟುಹೋದ ಆಸ್ತಿ ಎಷ್ಟು ಅಂದ್ರೆ 3,00,000 ಕ್ರೌನ್. ಮಠಕ್ಕೆ ಕಳಿಸೋಕೆ ಅಣ್ಣನಿಗೆ ಯಾಕಷ್ಟು ಆತುರ ಅಂತ ಈಗ ಅರ್ಥವಾಯ್ತಲ್ಲ!

ತಿಂಗಳಿಗೆ 1000 ಕ್ರೌನ್ ಕೇಳಿದವಳು ಲೋಭಿ ಅನ್ನಿಸಿಕೊಂಡಳು. 3,00,000 ಇದ್ದವಳು ಕುಲೀನೆ ಅನ್ನಿಸಿಕೊಂಡಳು. ನಾಟಕ ಈ ಎರಡು ಅಂಕಿಗಳನ್ನ ಪಕ್ಕಪಕ್ಕ ಇಟ್ಟು ಸುಮ್ಮನಾಗುತ್ತೆ.

ನಗು ನಿಲ್ಲುವ ಜಾಗ

ಈ ನಾಟಕದಲ್ಲಿ ಇವತ್ತು ನೋಡೋಕೆ ಕಷ್ಟವಾಗೋ ಭಾಗಗಳಿವೆ. ಅದನ್ನ ಹಾರಿಸಿಬಿಟ್ಟರೆ ನಾಟಕಕ್ಕೇ ಅನ್ಯಾಯ ಆಗುತ್ತೆ.

ಒಂದು ರಾತ್ರಿ ಫ್ಲೋರಿಂಡಾ ಬೆಲ್ವಿಲ್ ಬರ್ತಾನೆ ಅಂತ ತೋಟದ ಬಾಗಿಲು ತೆರೆದು ಕಾಯ್ತಿದ್ದಾಳೆ. ಒಳಗೆ ಬರೋನು ಕಂಠಪೂರ್ತಿ ಕುಡಿದ ವಿಲ್‌ಮೋರ್. ಬಾಗಿಲು ತೆರೆದಿದ್ದೆ ಅಂದಮೇಲೆ ಕರೆದ ಹಾಗೇ ಅಲ್ವಾ ಅನ್ನೋದು ಅವನ ವಾದ. ಅವಳು ಕೂಗಿಕೊಳ್ತಾಳೆ, ಬೆಲ್ವಿಲ್ ಬಂದು ಬಿಡಿಸ್ತಾನೆ. ಆಮೇಲೆ ಬೆಲ್ವಿಲ್ ಗೆಳೆಯನಿಗೆ ಬೈಯೋದು ಹೇಗೆ? ಅವಳು ಮರ್ಯಾದಸ್ತ ಹೆಣ್ಣು ಅಂತ ನಿನಗೆ ಮುಖ ನೋಡಿದರೆ ಗೊತ್ತಾಗಲಿಲ್ವಾ ಅಂತ. ನಾನು ಸೂಳೆ ಅಂದುಕೊಂಡೆ ಅಂತಾನೆ ವಿಲ್‌ಮೋರ್. ಇಬ್ಬರ ಮಾತಿನಲ್ಲೂ ಒಂದು ವಿಷಯಕ್ಕೆ ಜಗಳವೇ ಇಲ್ಲ: ಬೇರೆ ಥರದ ಹೆಣ್ಣಾಗಿದ್ದರೆ ಪರವಾಗಿರಲಿಲ್ಲ.

ಎರಡನೇ ಸಲ ಇನ್ನೂ ಭಯಂಕರ. ಬ್ಲಂಟ್ ಎಂಬ ಹಳ್ಳಿಯ ಜಮೀನ್ದಾರ ಈ ಗುಂಪಿನಲ್ಲಿದ್ದಾನೆ. ದುಡ್ಡಿರೋದು ಅವನ ಹತ್ತಿರ ಮಾತ್ರ. ಲುಸೆಟ್ಟಾ ಎಂಬ ಹೆಂಗಸು ಅವನನ್ನ ಮರುಳು ಮಾಡಿ, ಬಟ್ಟೆಬರೆ ಸಮೇತ ದೋಚಿ, ನೆಲಬಾಗಿಲಿನಿಂದ ಚರಂಡಿಗೆ ಬೀಳಿಸ್ತಾಳೆ. ಪ್ರೇಕ್ಷಕರು ಹೊಟ್ಟೆ ಹಿಡಿದು ನಗೋ ದೃಶ್ಯ. ಆದರೆ ಆ ನಗು ಎಲ್ಲಿಗೆ ಹೋಗಿ ಮುಟ್ಟುತ್ತೆ ನೋಡಿ. ಅವಮಾನದಲ್ಲಿ ಕುದೀತಿರೋ ಬ್ಲಂಟ್ ಮುಂದೆ, ಅಣ್ಣನಿಂದ ತಪ್ಪಿಸಿಕೊಂಡು ಓಡಿ ಬಂದ ಫ್ಲೋರಿಂಡಾ ಸಿಕ್ಕಿಬೀಳ್ತಾಳೆ. ಒಬ್ಬ ಹೆಂಗಸು ಮಾಡಿದ ಮೋಸಕ್ಕೆ ಇನ್ನೊಬ್ಬ ಹೆಂಗಸಿನ ಮೇಲೆ ಸೇಡು ತೀರಿಸಿಕೊಳ್ತೀನಿ ಅಂತ ಅವನು ನಿಲ್ತಾನೆ. ಗೆಳೆಯ ಫ್ರೆಡ್ರಿಕ್ ಕೂಡ ಸೇರಿಕೊಳ್ತಾನೆ. ಅವಳು ಬೆಲ್ವಿಲ್ ಹೆಸರು ಹೇಳಿ ವಜ್ರದ ಉಂಗುರ ತೆಗೆದುಕೊಟ್ಟಾಗ ಫ್ರೆಡ್ರಿಕ್‌ಗೆ ಅನುಮಾನ ಬರುತ್ತೆ. ಅವನಿಗೆ ಬಂದಿದ್ದು ಕರುಣೆ ಅಲ್ಲ, ಹೆದರಿಕೆ. ಇವಳು ದೊಡ್ಡ ಮನೆ ಹುಡುಗಿ ಆಗಿದ್ದರೆ ನಮಗೆ ನೇಣು ಗ್ಯಾರಂಟಿ ಅನ್ನೋ ಹೆದರಿಕೆ. ಅವಳ ಅಳು ಅವಳನ್ನ ಕಾಪಾಡಲಿಲ್ಲ, ಉಂಗುರ ಕಾಪಾಡಿತು.

ಅಲ್ಲಿಗೂ ಮುಗಿಯಲ್ಲ. ಗಂಡಸರೆಲ್ಲ ಅಲ್ಲಿಗೆ ಬರ್ತಾರೆ. ಒಳಗೆ ಬೀಗ ಹಾಕಿರೋ ಹೆಣ್ಣು ಮೊದಲು ಯಾರಿಗೆ ಅನ್ನೋದನ್ನ ತೀರ್ಮಾನಿಸೋಕೆ, ಯಾರ ಕತ್ತಿ ಉದ್ದವೋ ಅವರಿಗೆ ಅಂತ ಪಂದ್ಯ ಕಟ್ತಾರೆ. ಗೆಲ್ಲೋನು ಡಾನ್ ಪೆದ್ರೋ, ಅವಳ ಒಡಹುಟ್ಟಿದ ಅಣ್ಣ. ಮುಖವಾಡದಲ್ಲಿರೋ ತನ್ನ ತಂಗಿಯನ್ನೇ ಅವನು ಅಟ್ಟಿಸಿಕೊಂಡು ಬರ್ತಾನೆ. ವಲೇರಿಯಾ ಸಮಯಕ್ಕೆ ಸರಿಯಾಗಿ ಬಂದು ಸುಳ್ಳು ಸುದ್ದಿ ಹೇಳಿ ಅವನನ್ನ ಓಡಿಸದಿದ್ದರೆ ಗತಿ ಏನು?

ಆ ಕಾಲದ ಪ್ರೇಕ್ಷಕರಿಗೆ ಇದು ಪ್ರಹಸನದ ಓಟಾಟ. ಆದರೆ ಗಮನಿಸಿ, ಬೀದಿಯಲ್ಲಿ ಶುರುವಾದ ಮುಖವಾಡದ ಮೋಜು ಇಲ್ಲಿಗೆ ಬಂದು ನಿಂತಿದೆ. ಹೆಣ್ಣಿಗೆ ಸ್ವಾತಂತ್ರ್ಯ ಕೊಟ್ಟಿದ್ದು ಮುಖವಾಡ, ಅವಳ ರಕ್ಷಣೆ ಕಿತ್ತುಕೊಂಡಿದ್ದೂ ಅದೇ. ಯಾಕಂದ್ರೆ ಆ ರಕ್ಷಣೆ ಇದ್ದದ್ದು ಅವಳಿಗಲ್ಲ, ಅವಳ ಮನೆತನಕ್ಕೆ. ಆಫ್ರಾ ಬೆನ್ ಇದರ ಮೇಲೆ ಭಾಷಣ ಬರೆದಿಲ್ಲ. ಅಣ್ಣನ ಕೈಗೇ ಉದ್ದದ ಕತ್ತಿ ಕೊಟ್ಟಳು, ಅಷ್ಟೇ.

ಕೊನೆಗೆ ಹಾಸ್ಯ ನಾಟಕದ ಪದ್ಧತಿಯಂತೆ ಮದುವೆಗಳು. ಫ್ಲೋರಿಂಡಾಗೆ ಬೆಲ್ವಿಲ್ ಸಿಕ್ತಾನೆ. ಹೆಲೆನಾ ಅಣ್ಣನಿಗೆ, ಚಿಕ್ಕಪ್ಪನ ದುಡ್ಡು ದೇವರಿಗಿಂತ ಪ್ರೀತಿಗೆ ಹಾಕಿದರೆ ಲಾಭ ಜಾಸ್ತಿ ಅಂತ ವ್ಯಾಪಾರಿಯ ಲೆಕ್ಕದಲ್ಲೇ ಹೇಳ್ತಾಳೆ. ವಿಲ್‌ಮೋರ್ ತನ್ನ ಹೆಸರು ನಿಷ್ಠಾವಂತ ರಾಬರ್ಟ್ ಅಂತಾನೆ, ಅವಳು ನಾನು ಚಂಚಲೆ ಹೆಲೆನಾ ಅಂತಾಳೆ. ಆದರೆ ಆ ಮದುವೆಗೆ ಮೊದಲು ಆಂಜೆಲಿಕಾ ಪಿಸ್ತೂಲು ಹಿಡಿದು ಬರ್ತಾಳೆ. ವಿಲ್‌ಮೋರ್ ಎದೆಗೆ ಗುರಿ ಇಡ್ತಾಳೆ. ಆಂಟೋನಿಯೋ ಬಂದು ಪಿಸ್ತೂಲು ಕಿತ್ತುಕೊಳ್ತಾನೆ. ಆಂಟೋನಿಯೋನೇ ಅವನನ್ನ ಕೊಲ್ಲೋಕೆ ಹೊರಟಾಗ, ಬೇಡ ಬಿಡು ಅಂತ ಹೇಳಿ ಹೊರಟುಹೋಗ್ತಾಳೆ. ಜೋಡಿಗಳ ಸಾಲಿನಲ್ಲಿ ಅವಳಿಗೆ ಜಾಗ ಇಲ್ಲ. ಅತ್ಯಂತ ಬುದ್ಧಿವಂತ ಪ್ರಶ್ನೆ ಕೇಳಿದವಳು ಬರಿಗೈಯಲ್ಲಿ ಹೋದಳು.

ಹೆಸರಿಲ್ಲದ ಪುಸ್ತಕ

ಈಗ ಬರೆದವಳ ಲೆಕ್ಕ. ನಾಟಕದ ಆರಂಭದಲ್ಲಿ ಪೀಠಿಕೆಯ ಪದ್ಯ ಹೇಳೋ ಪದ್ಧತಿ ಇತ್ತು. ‘ದಿ ರೋವರ್’ ಪೀಠಿಕೆಯಲ್ಲಿ ನಾಟಕ ಬರೆದವರನ್ನ ‘ಅವನು’ ಅಂತ ಕರೆದಿದೆ. ಅದೇ ವರ್ಷ ಪುಸ್ತಕ ಅಚ್ಚಾದಾಗ ಹೆಸರೇ ಇಲ್ಲ. ಹಿಂದೆ ಹೆಂಗಸಿನ ನಾಟಕ ಅಂತ ಮೂಗು ಮುರಿಸಿಕೊಂಡವಳು ಈ ಸಲ ಮುಖವಾಡ ಹಾಕಿಕೊಂಡೇ ಬೀದಿಗಿಳಿದಳು ಅನ್ನಿ.

ನಾಟಕ ಗೆದ್ದಿತು. ಗೆದ್ದ ಕೂಡಲೇ ಊರಲ್ಲಿ ಗುಸುಗುಸು ಶುರುವಾಯ್ತು: ಇದು ಕದ್ದ ಮಾಲು. ಯಾರದ್ದು? ಅದೇ ಥಾಮಸ್ ಕಿಲ್ಲಿಗ್ರೂದು! ದೇಶಭ್ರಷ್ಟನಾಗಿದ್ದಾಗ ಅವನು ಬರೆದ ‘ಥೊಮಾಸೊ’ ಎಂಬ ನಾಟಕ 1664ರಲ್ಲಿ ಅಚ್ಚಾಗಿತ್ತು. ಹತ್ತು ಅಂಕಗಳ, ರಂಗದ ಮೇಲೆ ಆಡೋಕೆ ಬಾರದ ಉದ್ದದ ನಾಟಕ. ಬೆನ್ ಅದರಿಂದ ತಗೊಂಡಿದ್ದು ಕಡಿಮೆಯೇನಲ್ಲ. ಆಂಜೆಲಿಕಾ, ಚಿತ್ರದ ಪ್ರಸಂಗ, ಬ್ಲಂಟ್ ಚರಂಡಿಗೆ ಬೀಳೋ ಥರದ ಘಟನೆಗಳು, ಎಷ್ಟೋ ಮಾತುಗಳು ಅಲ್ಲಿಂದ ಬಂದಿವೆ.

ಆದರೆ ಕೋಡ್ ಬರೆಯೋರಿಗೆ ಗೊತ್ತಿರುತ್ತೆ, ಹಳೇ ಪ್ರಾಜೆಕ್ಟನ್ನ ಫೋರ್ಕ್ ಮಾಡಿ ಓಡೋ ಹಾಗೆ ಮಾಡೋದೂ ಒಂದು ಕೆಲಸವೇ. ಆಕೆ ಹತ್ತು ಅಂಕವನ್ನ ಐದಕ್ಕೆ ಇಳಿಸಿದಳು. ಮ್ಯಾಡ್ರಿಡ್ ಬಿಟ್ಟು ನೇಪಲ್ಸ್‌ಗೆ ತಂದು ಕಾರ್ನಿವಲ್ ಇಟ್ಟಳು. ಅಲ್ಲಿದ್ದ ಸೆರುಲಿನಾ ಎಂಬ ಒಬ್ಬ ಸಾಧ್ವಿ ನಾಯಕಿಯ ಜಾಗದಲ್ಲಿ ಇಬ್ಬರು ಅಕ್ಕತಂಗಿಯರನ್ನ ನಿಲ್ಲಿಸಿದಳು. ಅವರಲ್ಲಿ ಹೆಲೆನಾಳಂಥ ವಾಚಾಳಿ, ಧೈರ್ಯಸ್ಥೆ ಕಿಲ್ಲಿಗ್ರೂ ಪುಸ್ತಕದಲ್ಲಿ ಇರಲೇ ಇಲ್ಲ. ಗಂಡಸಿನ ಸಾಹಸಗಳ ಕಥೆಯನ್ನ ಹೆಣ್ಣುಮಕ್ಕಳ ಮಾತಿನಿಂದ ಶುರುವಾಗೋ ಕಥೆ ಮಾಡಿದಳು.

ಆಗ ಕೃತಿಸ್ವಾಮ್ಯದ ಕಾನೂನು ಇರಲಿಲ್ಲ, ಬರೆದವರ ಹಕ್ಕಿನ ಕಾಯಿದೆ ಬಂದಿದ್ದು 1710ರಲ್ಲಿ. ಒಬ್ಬರ ನಾಟಕ ಇನ್ನೊಬ್ಬರು ತಿದ್ದಿ ಆಡೋದು ಎಲ್ಲರೂ ಮಾಡ್ತಿದ್ದದ್ದೇ. ಆದರೂ ಪುಸ್ತಕದ ಕೊನೆಯಲ್ಲಿ ಆಕೆ ಒಂದು ಟಿಪ್ಪಣಿ ಹಾಕಬೇಕಾಯ್ತು. ಕದ್ದ ವಸ್ತು ಅಂತ ಏನಾದರೂ ಇದ್ದರೆ ಅದು ಆಂಜೆಲಿಕಾಳ ಚಿತ್ರ ಮಾತ್ರ, ಅದನ್ನ ನಾನೇ ಎಲ್ಲರಿಗೂ ಕಾಣೋ ಹಾಗೆ ಹೊರಗೆ ನೇತುಹಾಕಿದ್ದೀನಲ್ಲ, ಉಳಿದದ್ದನ್ನ ಓದಿ ನೀವೇ ಹೋಲಿಸಿಕೊಳ್ಳಿ ಅನ್ನೋ ಧಾಟಿ. ಅದೇ ಮುದ್ರಣದ ಮುಂದಿನ ಪ್ರತಿಗಳಲ್ಲಿ ಆ ಟಿಪ್ಪಣಿಯ ಒಳಗೆ ತಾನು ಹೆಣ್ಣು ಅನ್ನೋ ಸೂಚನೆ ಸೇರಿಸಿದಳು. ಆಮೇಲಿನ ಪ್ರತಿಗಳಲ್ಲಿ ಶೀರ್ಷಿಕೆಯ ಪುಟದಲ್ಲೇ ಹೆಸರು ಬಂತು. ಒಂದೇ ವರ್ಷದಲ್ಲಿ ‘ಅವನು’ ಹೋಗಿ ಹೆಸರಿಲ್ಲದವರು, ಹೆಸರಿಲ್ಲದವರು ಹೋಗಿ ಆಫ್ರಾ ಬೆನ್!

ಆಂಜೆಲಿಕಾ ಬಿಯಾಂಕಾ, ಆಫ್ರಾ ಬೆನ್. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಇಂಗ್ಲಿಷಿನಲ್ಲಿ ಒಂದೇ, ಎ ಮತ್ತು ಬಿ. ಹೆಸರು ಕಿಲ್ಲಿಗ್ರೂ ಇಟ್ಟಿದ್ದು, ಹಾಗಾಗಿ ಅದು ಕಾಕತಾಳೀಯ. ಆದರೆ ಆ ಚಿತ್ರವನ್ನ ತನ್ನದು ಅಂತ ಬೆರಳು ಮಾಡಿ ತೋರಿಸಿದವಳು ಬೆನ್. ದುಡ್ಡಿಗಾಗಿ ಬರೆಯೋ ಹೆಂಗಸನ್ನ ದುಡ್ಡಿಗಾಗಿ ಮೈ ಮಾರೋ ಹೆಂಗಸಿನ ಜೊತೆ ಸೇರಿಸಿ ಆಡಿಕೊಳ್ತಿದ್ದ ಊರು ಅದು. ಮರುವರ್ಷ ಬಂದ ‘ಸರ್ ಪೇಷಂಟ್ ಫ್ಯಾನ್ಸಿ’ ನಾಟಕದ ಮುನ್ನುಡಿಯಲ್ಲಿ ಆಕೆ, ನಾನು ಅನ್ನಕ್ಕಾಗಿ ಬರೆಯೋಳು, ಅದನ್ನ ಒಪ್ಪಿಕೊಳ್ಳೋಕೆ ನಾಚಿಕೆ ಇಲ್ಲ ಅಂತ ನೇರವಾಗಿ ಹೇಳಿಕೊಂಡಳು. ಬೆಲೆಯ ಚೀಟಿ ತಾನೇ ಬರೆದು ಬಾಗಿಲಿಗೆ ಹಾಕೋದು ಅಂದ್ರೆ ಇದೇ.

ಆಮೇಲೆ

1681ರಲ್ಲಿ ‘ದಿ ರೋವರ್’ ಎರಡನೇ ಭಾಗ ಬಂತು. ಅದರಲ್ಲಿ ಹೆಲೆನಾ ಸತ್ತುಹೋಗಿದ್ದಾಳೆ, ವಿಲ್‌ಮೋರ್ ಮತ್ತೆ ಅಲೆಮಾರಿ. ಈ ಸಲ ಅವನು ಕೊನೆಗೆ ಸೇರೋದು ಒಬ್ಬ ವೇಶ್ಯೆಯನ್ನ, ಮದುವೆಯ ಕರಾರಿಲ್ಲದೆ. ನಾಲ್ಕು ವರ್ಷದ ಹಿಂದೆ ಆಂಜೆಲಿಕಾಗೆ ಸಿಗದೇ ಹೋದದ್ದು ಇವಳಿಗೆ ಸಿಕ್ಕಿತು. 1682ರಲ್ಲಿ ಎರಡೂ ಕಂಪನಿಗಳು ಒಂದಾದವು. ಒಂದೇ ಕಂಪನಿ ಅಂದಮೇಲೆ ಹೊಸ ನಾಟಕಗಳಿಗೆ ಬೇಡಿಕೆ ಬಿತ್ತು. ಬೆನ್ ಕಥೆ, ಕವಿತೆ, ಅನುವಾದಗಳ ಕಡೆ ಹೊರಳಿದಳು. ಆಫ್ರಿಕಾದ ರಾಜಕುಮಾರನೊಬ್ಬ ಗುಲಾಮನಾಗುವ ‘ಒರುನೋಕೊ’ ಕಥೆ 1688ರಲ್ಲಿ ಬಂತು. 1689ರ ಏಪ್ರಿಲ್ 16ರಂದು ಆಕೆ ತೀರಿಕೊಂಡಳು. ಸಮಾಧಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿದೆ. ಕವಿಗಳ ಮೂಲೆಯಲ್ಲಲ್ಲ, ಹೊರಗಿನ ಪಡಸಾಲೆಯಲ್ಲಿ.

‘ದಿ ರೋವರ್’ ಮಾತ್ರ ಆಕೆ ಹೋದಮೇಲೂ ದಶಕಗಟ್ಟಲೆ ಆಡಿತು. ಎಲಿಜಬೆತ್ ಬ್ಯಾರಿ ಮುಂದೆ ಆಂಜೆಲಿಕಾ ಪಾತ್ರವನ್ನೂ ಮಾಡಿದಳು. ಆಮೇಲೆ ಜನರ ಅಭಿರುಚಿ ಬದಲಾಯ್ತು. ಗಂಡಸರು ಬರೆದಾಗ ರಸಿಕತೆ ಅನ್ನಿಸಿಕೊಂಡದ್ದು ಹೆಂಗಸು ಬರೆದಾಗ ಅಶ್ಲೀಲ ಅನ್ನಿಸಿಕೊಂಡಿತು. 1790ರಲ್ಲಿ ಕೆಂಬಲ್ ಎಂಬ ನಟ ಇದನ್ನ ‘ತೊಳೆದು’ ಬೇರೆ ಹೆಸರಿನಲ್ಲಿ ಆಡಿಸಿದ. ನಂತರ ಬಹುಕಾಲ ಮರೆವು. 1929ರಲ್ಲಿ ವರ್ಜೀನಿಯಾ ವುಲ್ಫ್, ಹೆಂಗಸರಿಗೆ ಬರೆದು ಸಂಪಾದಿಸೋ ದಾರಿ ತೋರಿಸಿದವಳು ಈಕೆ, ಎಲ್ಲ ಹೆಂಗಸರೂ ಈಕೆಯ ಸಮಾಧಿಗೆ ಹೂವು ಹಾಕಬೇಕು ಅನ್ನೋ ಅರ್ಥದಲ್ಲಿ ಬರೆದಳು. 1986ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಈ ನಾಟಕವನ್ನ ಮತ್ತೆ ರಂಗಕ್ಕೆ ತಂದಿತು, ವಿಲ್‌ಮೋರ್ ಆಗಿ ಜೆರೆಮಿ ಐರನ್ಸ್. ಅಲ್ಲಿಂದ ಇವತ್ತಿನವರೆಗೆ ನಿರ್ದೇಶಕರಿಗೆ ತಲೆನೋವು ಒಂದೇ: ಬ್ಲಂಟ್ ಮತ್ತು ಫ್ಲೋರಿಂಡಾ ದೃಶ್ಯದಲ್ಲಿ ಪ್ರೇಕ್ಷಕರನ್ನ ನಗಿಸಬೇಕೋ ಬೇಡವೋ?

ನನ್ನ ಉತ್ತರ ಹೇಳಿಬಿಡ್ತೀನಿ. ನಗು ಬರಲಿ, ಬಂದ ನಗು ಗಂಟಲಲ್ಲಿ ನಿಲ್ಲಲಿ. ನಾಟಕದ ಕಟ್ಟಡವೇ ಹಾಗಿದೆ. ಅಣ್ಣ ತಂಗಿಯ ಬೆಲೆ ಕಟ್ಟಿದ, ಮಠದ ನೆಪದಲ್ಲಿ ಇನ್ನೊಬ್ಬ ತಂಗಿಯ ಆಸ್ತಿ ಉಳಿಸಿಕೊಳ್ಳೋಕೆ ನೋಡಿದ, ವೇಶ್ಯೆಯ ಬಾಗಿಲಲ್ಲಿ ದುಡ್ಡು ಎಣಿಸಿದ, ಕೊನೆಗೆ ಕತ್ತಿ ಅಳೆದ. ಇಡೀ ನಾಟಕದಲ್ಲಿ ಅವನು ಮರ್ಯಾದಸ್ತ. ತನ್ನ ಬೆಲೆ ತಾನೇ ಹೇಳಿದ ಆಂಜೆಲಿಕಾ ಒಬ್ಬಳೇ ಮಾನಗೆಟ್ಟವಳು. 350 ವರ್ಷ ಹತ್ತಿರ ಬಂತು, ಆ ಲೆಕ್ಕದ ಪುಸ್ತಕವನ್ನ ಪೂರ್ತಿ ಮುಚ್ಚಿದ್ದೀವಿ ಅಂತ ಧೈರ್ಯವಾಗಿ ಹೇಳೋಕೆ ಆಗುತ್ತಾ?

ಪಠ್ಯ ಹಕ್ಕುಮುಕ್ತವಾಗಿದೆ, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತೆ. ಹಳೇ ಇಂಗ್ಲಿಷ್ ಅಂತ ಹೆದರಬೇಡಿ, ಎರಡನೇ ಅಂಕದಿಂದ ಶುರುಮಾಡಿ. ನಿಮ್ಮ ಊರಿನ ಕನ್ನಡ ಸಂಘದಲ್ಲಿ ನಾಟಕದ ತಂಡ ಇದ್ದರೆ ಆಂಜೆಲಿಕಾ, ವಿಲ್‌ಮೋರ್ ಮಾತಾಡೋ ಆ ಒಂದು ದೃಶ್ಯವನ್ನ ಕನ್ನಡಕ್ಕೆ ತಂದು ಓದಿ ನೋಡಿ. ಆಮೇಲೆ ಅದರ ಬಗ್ಗೆ ಮನೆಯಲ್ಲಿ ಅಕ್ಕತಂಗಿಯರ ಹತ್ತಿರ, ಹೆಂಡತಿ ಹತ್ತಿರ ಮಾತಾಡಿ. ಅವರು ಏನು ಹೇಳ್ತಾರೋ ಅದನ್ನ ಕೇಳೋಕೆ ನಮಗೂ ಆಸೆ.